ಸಿನಿಮಾ ಎಲ್ಲಿಂದ ಬರುತ್ತೆ ಸ್ವಾಮಿ?

ರಾತ್ರಿ ಊಟ ಮುಗಿಸಿ, ಯಾವ ಸಿನಿಮಾ ನೋಡೋಣ ಅಂತ ಮನೆಮಂದಿಯೆಲ್ಲ ಅರ್ಧ ಗಂಟೆ ಕಿತ್ತಾಡಿ, ಕೊನೆಗೆ ಯಾರಿಗೂ ಇಷ್ಟವಿಲ್ಲದ ಒಂದನ್ನು ಸರ್ವಾನುಮತದಿಂದ ಆರಿಸಿ ಕೂತಾಗ ಪರದೆಯ ನಟ್ಟನಡುವೆ ಒಂದು ಪುಟ್ಟ ಚಕ್ರ ಪ್ರತ್ಯಕ್ಷವಾಗುತ್ತದಲ್ಲ, ಆಗ ನೋಡಬೇಕು ಮನುಷ್ಯರ ನಿಜಗುಣವನ್ನು. ಮಗರಾಯ ಎದ್ದು ಹೋಗಿ ರೂಟರಿನ ಸ್ವಿಚ್ಚು ಆರಿಸಿ ಹಾಕುತ್ತಾನೆ. ಮಗಳು 'ನಾನು ಮೊಬೈಲಲ್ಲೇ ನೋಡ್ಕೋತೀನಿ' ಅಂತ ರೂಮು ಸೇರುತ್ತಾಳೆ. ಅಜ್ಜಿ, 'ಟೆಂಟ್ ಸಿನಿಮಾದಲ್ಲಿ ರೀಲು ಕಟ್ಟಾದ್ರೂ ಎರಡು ನಿಮಿಷಕ್ಕೆ ಅಂಟಿಸಿ ಬಿಡ್ತಿದ್ರು' ಅಂತ ಇತಿಹಾಸ ತೆಗೆಯುತ್ತಾರೆ. ಯಜಮಾನರು ಮಾತ್ರ ನೇರವಾಗಿ ನೆಟ್ಟಿನವನಿಗೆ ಫೋನು ಹಚ್ಚಿ, 'ಏನ್ರೀ, 100 ಎಂಬಿಪಿಎಸ್ ಅಂತ ದುಡ್ಡು ತಗೊಂಡ್ರಿ, ಇಲ್ಲಿ ನೋಡಿದ್ರೆ ಚಕ್ರ ತಿರುಗ್ತಾ ಕೂತಿದೆ' ಅಂತ ಗುಡುಗುತ್ತಾರೆ. ಆ ಕಡೆಯಿಂದ ತಣ್ಣನೆಯ ಉತ್ತರ: 'ನಮ್ಮ ಕಡೆಯಿಂದ ಎಲ್ಲಾ ಕ್ಲಿಯರ್ ಇದೆ ಸಾರ್.' ಈ ವಾಕ್ಯವನ್ನು ಕೆಲಸಕ್ಕೆ ಸೇರಿದ ದಿನವೇ ಬಾಯಿಪಾಠ ಮಾಡಿಸುತ್ತಾರೆ ಅಂತ ನನ್ನ ಬಲವಾದ ಗುಮಾನಿ.

ತಮಾಷೆ ಏನಪ್ಪಾ ಅಂದರೆ, ಇಬ್ಬರೂ ಹೇಳುತ್ತಿರುವುದು ನಿಜ. ಯಜಮಾನರು ದುಡ್ಡು ಕೊಟ್ಟಿರುವುದು ತಮ್ಮ ಮನೆಯಿಂದ ನೆಟ್ಟಿನವನ ಆಫೀಸಿನವರೆಗಿನ ತಂತಿಗೆ. ಅಲ್ಲಿ 100 ಸಲೀಸಾಗಿ ಓಡುತ್ತದೆ. ಹುಡುಗ ಬಂದು ಸ್ಪೀಡ್ ಟೆಸ್ಟ್ ಮಾಡಿ ಗತ್ತಿನಿಂದ ತೋರಿಸುವುದೂ ಅದನ್ನೇ. ಆ ಟೆಸ್ಟಿನ ಸರ್ವರ್ ಎಷ್ಟೋ ಸಲ ಅವರದೇ ಕೊಠಡಿಯಲ್ಲಿ ಕೂತಿರುತ್ತದೆ. ಒಂದು ಒಳ್ಳೆಯ ಎಚ್‌ಡಿ ಸಿನಿಮಾಕ್ಕೆ ಬೇಕಾಗುವುದು ಸುಮಾರು 5 ಎಂಬಿಪಿಎಸ್. ಹಾಗೆ ನೋಡಿದರೆ ಯಜಮಾನರ ಮನೆಯಲ್ಲಿ ಇಪ್ಪತ್ತು ಸಿನಿಮಾ ಒಟ್ಟಿಗೆ ಓಡಬೇಕು. ಒಂದೂ ಓಡುತ್ತಿಲ್ಲ. ಯಾಕೆ? ಯಾಕೆಂದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಆ ಸಿನಿಮಾ ಈಗ ಎಲ್ಲಿದೆ?

ನಮ್ಮ ಮಾವನವರು ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ತಂತಿಯ ವಿಷಯದಲ್ಲಿ ಅವರದೇ ಕಡೆಯ ಮಾತು. 'ಅಳಿಯಂದ್ರೇ, ಅಮೆರಿಕದಿಂದ ಸಮುದ್ರದೊಳಗೆ ಈಜ್ಕೊಂಡು ಬರಬೇಕಲ್ಲ, ಸ್ವಲ್ಪ ತಡ ಆಗೋದೇ' ಅಂತ ಚಕ್ರಕ್ಕೆ ಕ್ಷಮೆ ಕೊಟ್ಟುಬಿಡುತ್ತಾರೆ. ಅಮೆರಿಕದಿಂದಲೇ ಬರುವುದಾದರೆ ಮಾವನವರ ಮಾತಿನಲ್ಲಿ ತಪ್ಪಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ನೇರ ಗೆರೆ ಎಳೆದರೂ ಸುಮಾರು 14,000 ಕಿಲೋಮೀಟರ್. ಹೋಗಿಬರಲು ಸೆಕೆಂಡಿನ ಏಳನೆಯ ಒಂದು ಭಾಗವಾದರೂ ಬೇಕು. ಕೇಬಲ್ಲು ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. 'ಅಷ್ಟೇ ತಾನೇ' ಅನ್ನಬೇಡಿ. ಇಂಟರ್‌ನೆಟ್ಟಿನ ಕಂಪ್ಯೂಟರುಗಳು ಮಹಾ ಸಂಶಯದ ಪ್ರಾಣಿಗಳು. ಒಂದಿಷ್ಟು ಕಳಿಸಿ 'ಬಂತಾ?' ಅಂತ ಕೇಳುತ್ತವೆ, 'ಬಂತು' ಅಂದ ಮೇಲೆ ಮುಂದಿನದನ್ನು ಕಳಿಸುತ್ತವೆ, ನಡುವೆ ಎಲ್ಲಾದರೂ ಒಂದು ಚೂರು ಕಳೆದುಹೋದರೆ ದಾರಿಯಲ್ಲಿ ಗದ್ದಲವಿದೆಯೆಂದು ತಾವಾಗಿಯೇ ವೇಗ ತಗ್ಗಿಸುತ್ತವೆ. ದೂರ ಹೆಚ್ಚಿದಷ್ಟೂ ಈ ಬಂತಾ-ಬಂತು ಸಂಭಾಷಣೆ ಎಳೆದಾಡುತ್ತದೆ. ನಿಮ್ಮ 100 ಎಂಬಿಪಿಎಸ್ ಬಾಗಿಲಲ್ಲಿ ಸುಮ್ಮನೆ ಕಾಯುತ್ತ ನಿಂತಿರುತ್ತದೆ. ಮೇಲೆ ಸಮುದ್ರದ ಕೇಬಲ್ಲಿನ ಯೋಗಕ್ಷೇಮ ಬೇರೆ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್ಲುಗಳು ತುಂಡಾದಾಗ ನಮ್ಮ ದೇಶದ ನೆಟ್ಟು ದಿನಗಟ್ಟಲೆ ಏದುಸಿರು ಬಿಟ್ಟಿತ್ತು.

ಆದರೆ ಮಾವನವರೇ, ಸಿನಿಮಾ ಅಮೆರಿಕದಿಂದ ಬರುವುದಿಲ್ಲ. ಬೆಳಿಗ್ಗೆ ಕಾಫಿಗೆ ಹಾಲು ಬೇಕಾದಾಗ ನೀವು ಡೇರಿಗೆ ಹೋಗುತ್ತೀರಾ? ಬೀದಿ ಮೂಲೆಯ ನಂದಿನಿ ಬೂತಿಗೆ ಹೋಗುತ್ತೀರಿ. ಊರು ಮಲಗಿದ್ದಾಗ, ರಸ್ತೆ ಖಾಲಿ ಇದ್ದಾಗ ಕ್ರೇಟುಗಳು ಬಂದು ಇಳಿದಿರುತ್ತವೆ. ಯಾವ ಬಡಾವಣೆಗೆ ಎಷ್ಟು ನೀಲಿ ಪ್ಯಾಕೆಟ್ಟು, ಎಷ್ಟು ಮೊಸರು ಅನ್ನುವುದು ಹಿಂದಿನ ದಿನವೇ ಲೆಕ್ಕವಾಗಿರುತ್ತದೆ. ನೆಟ್‌ಫ್ಲಿಕ್ಸ್ ಮಾಡಿದ್ದೂ ಅದನ್ನೇ. 2012ರಲ್ಲಿ ಓಪನ್ ಕನೆಕ್ಟ್ ಅನ್ನುವ ಹೆಸರಿನಲ್ಲಿ ತನ್ನದೇ ಡಿಸ್ಕು ತುಂಬಿದ ಕಬ್ಬಿಣದ ಪೆಟ್ಟಿಗೆಗಳನ್ನು ಘೋಷಿಸಿತು. ಸಾಕಷ್ಟು ಗಿರಾಕಿಗಳಿರುವ ಇಂಟರ್‌ನೆಟ್ ಕಂಪನಿಗಳಿಗೆ ಪೆಟ್ಟಿಗೆ ಬಿಟ್ಟಿ. ಕರೆಂಟು, ಜಾಗ, ತಣ್ಣನೆಯ ಗಾಳಿ ಮಾತ್ರ ಅವರದು. ನಾಳೆ ಈ ಸೀಮೆಯವರು ಏನೇನು ನೋಡಬಹುದು ಅಂತ ಅಂದಾಜು ಮಾಡಿ, ನೆಟ್ಟು ಖಾಲಿ ಹೊಡೆಯುವ ಹೊತ್ತಿನಲ್ಲಿ ಅದನ್ನು ಪೆಟ್ಟಿಗೆಗೆ ತುಂಬಿಸಿಡುತ್ತಾರೆ. ರಾತ್ರಿ ಒಂಬತ್ತಕ್ಕೆ ನೀವು ಪ್ಲೇ ಒತ್ತಿದಾಗ ಸಿನಿಮಾ ಬರುವುದು ನಿಮ್ಮ ನೆಟ್ಟಿನವನದೇ ಡೇಟಾ ಸೆಂಟರಿನ ಪೆಟ್ಟಿಗೆಯಿಂದ. ಗೂಗಲ್‌ನವರ ಯೂಟ್ಯೂಬ್ ಪೆಟ್ಟಿಗೆಗಳೂ ಹೀಗೇ ಊರೂರಲ್ಲಿ ಕೂತಿವೆ.

ಇದರಲ್ಲೊಂದು ಸ್ವಾರಸ್ಯ ಉಂಟು. ನೀವು ಪ್ಲೇ ಒತ್ತಿದಾಗ 'ಇವರು ಚಂದಾ ಕಟ್ಟಿದ್ದಾರಾ, ಯಾವ ಪೆಟ್ಟಿಗೆ ಇವರಿಗೆ ಹತ್ತಿರ' ಅಂತ ನಿರ್ಧರಿಸುವ ಲೆಕ್ಕಪತ್ರವೆಲ್ಲ ನಡೆಯುವುದು ಅಮೆಜಾನ್ ಕಂಪನಿಯ ಬಾಡಿಗೆ ಕಂಪ್ಯೂಟರುಗಳಲ್ಲಿ. ಅದೇ ಅಮೆಜಾನ್, ಪ್ರೈಮ್ ವಿಡಿಯೊ ಇಟ್ಟುಕೊಂಡು ನೆಟ್‌ಫ್ಲಿಕ್ಸಿಗೆ ಪೈಪೋಟಿ ಕೊಡುತ್ತಿರುವ ಅಮೆಜಾನ್! ಎದುರಾಳಿಯ ಜಗುಲಿಯಲ್ಲೇ ಕೂತು ಅಂಗಡಿ ಲೆಕ್ಕ ಬರೆಯುವ ಧೈರ್ಯ ನಮ್ಮ ಕಡೆ ಅಣ್ಣತಮ್ಮಂದಿರಿಗೂ ಇಲ್ಲ.

ಪೆಟ್ಟಿಗೆಯಿಂದ ನೆಟ್ಟಿನವನಿಗೆ ಏನು ಲಾಭ? ಬಹಳ. ಅವನ ಬಳಿ ಸಾವಿರ ಮನೆ ಇವೆ ಅನ್ನಿ. ಎಲ್ಲರೂ ಒಂಬತ್ತಕ್ಕೆ 5 ಎಂಬಿಪಿಎಸ್‌ನ ಸಿನಿಮಾ ಹಾಕಿದರೆ 5 ಗಿಗಾಬಿಟ್ ಬೇಕು. ಪೆಟ್ಟಿಗೆ ಇಲ್ಲದಿದ್ದರೆ ಅಷ್ಟನ್ನೂ ದೊಡ್ಡ ಕಂಪನಿಯಿಂದ ತಿಂಗಳ ಬಾಡಿಗೆಗೆ ಕೊಳ್ಳಬೇಕು. ಸಣ್ಣ ನೆಟ್ಟಿನವನು ಏನು ಮಾಡುತ್ತಾನೆ? 2 ಕೊಂಡು, ಮಿಕ್ಕದ್ದನ್ನು ದೇವರ ಮೇಲೆ ಬಿಟ್ಟು, 'ನಮ್ಮ ಕಡೆಯಿಂದ ಕ್ಲಿಯರ್ ಇದೆ ಸಾರ್' ಅನ್ನುತ್ತಾನೆ. ಪೆಟ್ಟಿಗೆ ಇದ್ದವನಿಗೆ ಆ ಸುಳ್ಳಿನ ಗರಜೇ ಇಲ್ಲ. ಒಂದೇ ಸಿನಿಮಾ ಒಂದು ಸಲ ಒಳಗೆ ಬಂದು ಸಾವಿರ ಸಲ ಹಂಚಿಹೋಗುತ್ತದೆ.

'ಹಾಗಾದ್ರೆ ನೆಟ್ಟಿನವನು ತಾನೇ ಒಂದು ಪ್ರತಿ ಇಟ್ಕೋಬಾರದೇನು, ಅವರ ಪೆಟ್ಟಿಗೆ ಯಾಕೆ ಬೇಕು?' ಅಂತ ಮಾವನವರು ಕೇಳಿದರು. ಒಳ್ಳೆಯ ಪ್ರಶ್ನೆ. ಹಿಂದೆ ಹಾಗೇ ಮಾಡುತ್ತಿದ್ದರು. ಯಾರೋ ಒಬ್ಬರು ತರಿಸಿದ್ದನ್ನು ನಡುವಿನ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಮುಂದಿನವರಿಗೆ ಅದನ್ನೇ ಕೊಡುತ್ತಿದ್ದರು. ಆಮೇಲೆ ಎಲ್ಲವೂ ಗೂಢಲಿಪಿಯಲ್ಲಿ ಹೋಗಿಬರುವ ಕಾಲ ಬಂತು. ವಿಳಾಸದ ಮುಂದೆ ಪುಟ್ಟ ಬೀಗದ ಚಿತ್ರ ಇರುತ್ತದಲ್ಲ, ಅದೇ. ಈಗ ತನ್ನ ತಂತಿಯಲ್ಲಿ ಹೋಗುತ್ತಿರುವುದು ಸಿನಿಮಾವೋ ಸತ್ಯನಾರಾಯಣ ಪೂಜೆಯ ವಿಡಿಯೊವೋ ಅನ್ನುವುದು ನೆಟ್ಟಿನವನಿಗೆ ಕಾಣುವುದೇ ಇಲ್ಲ. ಕಾಣದ್ದನ್ನು ಎತ್ತಿಡುವುದು ಹೇಗೆ? ಬೀಗದ ಕೈ ಇರುವವರೇ ಬಂದು ಪೆಟ್ಟಿಗೆ ಇಡಬೇಕು.

ಹತ್ತಿರ ಇಟ್ಟರೆ ಎಲ್ಲ ಸಲೀಸು ಅನ್ನುವ ಈ ಬುದ್ಧಿ ನೆಟ್‌ಫ್ಲಿಕ್ಸಿನದೇನೂ ಅಲ್ಲ. ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಅಮೆರಿಕದ ಎಂಐಟಿಯಲ್ಲಿ ಕೂತು, ಮುಂದೆ ನೂಕುನುಗ್ಗಲಾಗಲಿದೆ, ಯಾರಾದರೂ ಪರಿಹಾರ ಹುಡುಕಿ ಅಂತ 1990ರ ದಶಕದ ನಡುವೆಯೇ ಹೇಳಿದ್ದರು. ಅಲ್ಲಿನ ಗಣಿತದ ಮೇಷ್ಟ್ರು ಟಾಮ್ ಲೈಟನ್, ಅವರ ಶಿಷ್ಯ ಡ್ಯಾನಿಯಲ್ ಲೆವಿನ್ ಅದಕ್ಕೆ ಕೈಹಾಕಿದರು. ಸಾವಿರಾರು ಸರ್ವರುಗಳಲ್ಲಿ ಯಾವ ಸರಕು ಯಾವುದರಲ್ಲಿದೆ ಅಂತ ಪಟ್ಟಿ ನೋಡದೆ ಲೆಕ್ಕದಿಂದಲೇ ತಿಳಿಯಬೇಕು, ಒಂದು ಸರ್ವರ್ ಕೆಟ್ಟು ಕೂತರೆ ಅದರ ಪಾಲು ಮಾತ್ರ ಬೇರೆಯವಕ್ಕೆ ಹಂಚಿಹೋಗಬೇಕು, ಉಳಿದದ್ದು ಅಲುಗಬಾರದು. ಇಂಥ ಒಂದು ಲೆಕ್ಕವನ್ನು ಅವರು ಜೊತೆಗಾರರೊಂದಿಗೆ 1997ರಲ್ಲಿ ಪ್ರಕಟಿಸಿದರು. ಮರುವರ್ಷ ಅಕಮಾಯ್ ಕಂಪನಿ ಶುರುವಾಯಿತು. ಲೆವಿನ್ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಮೊದಲು ಬಡಿದ ವಿಮಾನದಲ್ಲಿದ್ದರು. ಆಗ ಅವರಿಗೆ 31 ವರ್ಷ. ಆ ದಿನ ಸುದ್ದಿ ತಿಳಿಯಲು ಜಗತ್ತೆಲ್ಲ ಸುದ್ದಿತಾಣಗಳಿಗೆ ನುಗ್ಗಿದಾಗ, ಆ ಭಾರ ಹೊತ್ತ ಸರ್ವರುಗಳಲ್ಲಿ ಅವರು ಕಟ್ಟಿದ ಜಾಲದವೂ ಇದ್ದವು. ಹರಟೆಯಲ್ಲಿ ಇದನ್ನು ಹೇಳಬಾರದಿತ್ತೇನೋ. ಆದರೆ ಹೇಳದೆ ದಾಟುವುದೂ ನ್ಯಾಯವಲ್ಲ.

ನಮ್ಮ ದೇಶದ ಕಥೆ ಕೇಳಿ. ಆಗೆಲ್ಲ ಜಯನಗರದವರ ಇಮೇಲು ಮಲ್ಲೇಶ್ವರಕ್ಕೆ ಹೋಗಬೇಕಾದರೂ, ಇಬ್ಬರೂ ಬೇರೆ ಬೇರೆ ಕಂಪನಿಯ ನೆಟ್ಟು ಹಾಕಿಸಿದ್ದರೆ, ಅದು ವಿದೇಶಕ್ಕೆ ಹೋಗಿ ವಾಪಸು ಬರುವ ಸಂಭವವಿತ್ತು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವುದು ನಮಗೆ ಗೊತ್ತು, ಅಮೆರಿಕದಲ್ಲಿ ಬದಲಾಯಿಸುವುದು ಯಾವ ನ್ಯಾಯ? ಅದಕ್ಕೇ 2003ರಲ್ಲಿ ನಿಕ್ಸಿ ಅನ್ನುವ ರಾಷ್ಟ್ರೀಯ ವಿನಿಮಯ ಕೇಂದ್ರ ಮಾಡಿದರು. ದೇಶದ ನೆಟ್ಟಿನವರೆಲ್ಲ ಒಂದು ಕಡೆ ತಂತಿ ತಂದು ಸಿಕ್ಕಿಸಿ, ಊರಿನ ಸರಕನ್ನು ಊರಲ್ಲೇ ಬದಲಾಯಿಸಿಕೊಳ್ಳುವ ಏರ್ಪಾಡು. ಈಗ ಖಾಸಗಿಯವರ ವಿನಿಮಯ ಕೇಂದ್ರಗಳೂ ಇವೆ. ಸ್ವಂತ ಪೆಟ್ಟಿಗೆ ಪಡೆಯುವಷ್ಟು ಗಿರಾಕಿ ಇಲ್ಲದ ಸಣ್ಣ ನೆಟ್ಟಿನವನು ಇಲ್ಲಿಗೆ ಒಂದು ತಂತಿ ಎಳೆದರೂ ಅರ್ಧ ಕಷ್ಟ ನೀಗುತ್ತದೆ.

ಇನ್ನು ಸರಕನ್ನೇ ಹಿಂಡುವ ವಿದ್ಯೆ. ಒಂದು ಫುಲ್ ಎಚ್‌ಡಿ ಚಿತ್ರವನ್ನು ಹಿಂಡದೆ ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 1,200 ಮೆಗಾಬಿಟ್ ಆಗುತ್ತದೆ. ಅದನ್ನು 5ಕ್ಕೆ ಇಳಿಸುತ್ತಾರೆ. ಹೇಗೆಂದರೆ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಅಷ್ಟನ್ನೇ ಹೇಳುತ್ತಾರೆ. 2003ರ ಎಚ್.264, 2013ರ ಎಚ್ಇವಿಸಿ, 2018ರ ಎವಿ1, ಒಂದೊಂದೂ ಹಿಂದಿನದಕ್ಕಿಂತ ಗಟ್ಟಿಯಾಗಿ ಹಿಂಡುತ್ತದೆ. ನಮ್ಮ ಧಾರಾವಾಹಿಗಳು ಈ ವಿದ್ಯೆಗೆ ಹೇಳಿಮಾಡಿಸಿದಂಥವು. ಅತ್ತೆ ದುರುಗುಟ್ಟಿ ನೋಡುತ್ತಾರೆ, ಸೊಸೆ ತಿರುಗಿ ನೋಡುತ್ತಾಳೆ, ಮತ್ತೆ ಅತ್ತೆ. ಹಿಂದಿನ ಗೋಡೆ ಅಲುಗುವುದಿಲ್ಲ, ಕಥೆಯೂ ಅಲುಗುವುದಿಲ್ಲ. ಕಳಿಸಲು ಏನೂ ಇಲ್ಲ! ಅದೇ ಮಳೆಗಾಲದ ಜೋಗ ಜಲಪಾತ ತೋರಿಸಿ ನೋಡಿ. ಪ್ರತಿ ಹನಿಯೂ ಪ್ರತಿ ಗಳಿಗೆ ಹೊಸ ಜಾಗದಲ್ಲಿ. ಹಿಂಡುವ ಯಂತ್ರ ಕೈಚೆಲ್ಲುತ್ತದೆ, ಪರದೆಯ ಮೇಲೆ ಶರಾವತಿ ಚೌಕಚೌಕವಾಗಿ ಧುಮುಕುತ್ತಾಳೆ. ಒಂದೊಂದು ಚಿತ್ರದ ಸ್ವಭಾವ ನೋಡಿ ಒಂದೊಂದು ಅಳತೆ ಹಾಕಬೇಕೆಂಬುದನ್ನು ನೆಟ್‌ಫ್ಲಿಕ್ಸ್‌ನವರು 2015ರ ಹೊತ್ತಿಗೆ ರೂಢಿಗೆ ತಂದರು. ಬಣ್ಣ ಬಳಿದಂತಿರುವ ಕಾರ್ಟೂನಿಗೆ ಕಡಿಮೆ ಬಿಟ್ಟು, ಹೊಡೆದಾಟದ ಚಿತ್ರಕ್ಕೆ ಜಾಸ್ತಿ.

ಒಂದೇ ಸಿನಿಮಾದ ಹಲವು ದರ್ಜೆಯ ಪ್ರತಿಗಳನ್ನು ಮಾಡಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಮುಂದಿನ ತುಣುಕು ಯಾವ ದರ್ಜೆಯದು ಬೇಕು ಅಂತ ತೀರ್ಮಾನಿಸುವುದು ನಿಮ್ಮ ಟೀವಿಯೇ, ಸರ್ವರ್ ಅಲ್ಲ. ನಾಯಕಿಯ ಮುಖ ಮೊದಲು ಮಬ್ಬಾಗಿದ್ದು ಆಮೇಲೆ ತಿಳಿಯಾಗುವುದು ಇದರಿಂದಲೇ ಹೊರತು, ಅಜ್ಜಿ ಶಂಕಿಸಿದಂತೆ ಮೇಕಪ್ಪಿನಿಂದಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ದೇಶವೇ ಮನೆಯಲ್ಲಿ ಕೂತಾಗ, ವಿಡಿಯೊ ಕಂಪನಿಗಳೆಲ್ಲ ಒಟ್ಟಾಗಿ ಮೊಬೈಲಿಗೆ 480ಪಿ ದರ್ಜೆಗಿಂತ ಮೇಲಿನದನ್ನು ಏಪ್ರಿಲ್ 14ರವರೆಗೆ ಕೊಡುವುದಿಲ್ಲವೆಂದು ಒಪ್ಪಿಕೊಂಡವು. ಮೇಲಿನ ಮೆಟ್ಟಿಲು ಕಿತ್ತರು, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಮೊದಲೇ ತುಂಬಿಡಬಹುದಾದ ಸರಕಿನ ಮಾತು. ಕ್ರಿಕೆಟ್ಟನ್ನು ಹಿಂದಿನ ರಾತ್ರಿ ತುಂಬಿಡಲಾದೀತೆ? (ತುಂಬಿಡಬಲ್ಲೆವೆಂದು ಹೇಳಿಕೊಳ್ಳುವ ಬುಕ್ಕಿಗಳ ವಿಷಯ ಬೇರೆ.) 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರಿನಲ್ಲಿ ಒಂದು ಗಳಿಗೆಯಲ್ಲಿ 5.9 ಕೋಟಿ ಜನ ಏಕಕಾಲಕ್ಕೆ ನೋಡುತ್ತಿದ್ದರು. ಜಿಪುಣತನದಿಂದ ತಲೆಗೆ 1 ಎಂಬಿಪಿಎಸ್ ಹಿಡಿದರೂ 59 ಟೆರಾಬಿಟ್ ಆಯಿತು. ಒಂದೇ ಜಾಗದಿಂದ ಇಷ್ಟನ್ನು ಎಲ್ಲರಿಗೂ ಕಳಿಸುವುದು ಆಗುವ ಮಾತಲ್ಲ. ಹಲವು ಕಂಪನಿಗಳ ಸಾವಿರಾರು ಸರ್ವರುಗಳು ಪ್ರತಿ ತುಣುಕನ್ನೂ ಹುಟ್ಟಿದ ಕ್ಷಣವೇ ತರಿಸಿಕೊಂಡು ಹಂಚುತ್ತವೆ.

ಇದಕ್ಕಿಂತ ಮಜವಾದದ್ದು 2019ರ ಜುಲೈ 10ರ ಕಥೆ. ಮ್ಯಾಂಚೆಸ್ಟರಿನಲ್ಲಿ ನ್ಯೂಜಿಲೆಂಡ್ ಎದುರು ಸೆಮಿಫೈನಲ್. ಮಳೆಯಿಂದ ಎರಡನೇ ದಿನಕ್ಕೆ ಹೋದ ಪಂದ್ಯ. 240 ಬೇಕು, ಧೋನಿ ಇದ್ದಾರೆ, ದೇಶವೇ ಉಸಿರು ಹಿಡಿದಿದೆ. ಹಾಟ್‌ಸ್ಟಾರಿನಲ್ಲಿ ನೋಡುವವರ ಸಂಖ್ಯೆ ಅಂದು 2.5 ಕೋಟಿ ದಾಟಿತ್ತು. ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ. ಧೋನಿ ರನೌಟ್. ನಾವೆಲ್ಲ 'ಥೂ' ಅಂತ ಒಟ್ಟಿಗೆ ಹಿಂದಕ್ಕೆ ಒತ್ತಿದೆವು. ಇಲ್ಲೇ ಇರುವುದು ಗಂಡಾಂತರ. ಪಂದ್ಯ ನೋಡುತ್ತಿದ್ದಾಗ ಭಾರವೆಲ್ಲ ಊರೂರಿನ ಹಂಚುವ ಸರ್ವರುಗಳ ಮೇಲಿತ್ತು. ಹಿಂದಕ್ಕೆ ಒತ್ತಿದ ಕೂಡಲೇ ಕೋಟಿಗಟ್ಟಲೆ ಜನ ಆ್ಯಪಿನ ಮುಖಪುಟಕ್ಕೆ ಬಂದು ಬಿದ್ದರು. ಅಲ್ಲಿ 'ನಿಮಗೆ ಇಷ್ಟವಾಗಬಹುದಾದ ಚಿತ್ರಗಳು' ಅಂತ ಪ್ರತಿಯೊಬ್ಬರಿಗೂ ಬೇರೆ ಪಟ್ಟಿ ತಯಾರಿಸಬೇಕು, ಆ ಕೆಲಸ ಕಂಪನಿಯ ಕೇಂದ್ರ ಕಂಪ್ಯೂಟರುಗಳದು. ನಮಗೆ ಪಂದ್ಯ ಮುಗಿದ ಹೊತ್ತಿಗೆ ಅವರಿಗೆ ಶುರು! ಜನ ಬರುವುದಕ್ಕೆ ಮಾತ್ರವಲ್ಲ, ಜನ ಎದ್ದುಹೋಗುವುದಕ್ಕೂ ಯಂತ್ರಗಳನ್ನು ಸಜ್ಜಾಗಿಟ್ಟಿರಬೇಕು, ತೀರಾ ಇಕ್ಕಟ್ಟಾದರೆ ಶಿಫಾರಸು ಪಟ್ಟಿಯಂಥ ಶೋಕಿಗಳನ್ನು ಆರಿಸಿ ವಿಡಿಯೊ ಒಂದನ್ನು ಉಳಿಸಿಕೊಳ್ಳಬೇಕು ಅನ್ನುವುದು ಅಲ್ಲಿನ ಎಂಜಿನಿಯರುಗಳು ಹೇಳುವ ಪಾಠ.

ಪಕ್ಕದ ಮನೆಯ ಕೂಗಿನ ವಿಷಯಕ್ಕೂ ಬರಬೇಕು. ನಿಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ. ಡಿಶ್ ಹಾಕಿಸಿಕೊಂಡ ಪಕ್ಕದ ಮನೆಯವರು 'ಸಿಕ್ಸ್' ಅಂತ ಕಿರುಚುತ್ತಾರೆ. ಚಿತ್ರ ಹಿಂಡಬೇಕು, ತುಣುಕು ಕತ್ತರಿಸಬೇಕು, ಸರ್ವರುಗಳಿಗೆ ಸಾಗಿಸಬೇಕು, ಆಮೇಲೆ ನಿಮ್ಮ ಟೀವಿ ಚಕ್ರ ಬರದಿರಲೆಂದು ಎರಡು ಮೂರು ತುಣುಕು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಎಲ್ಲ ಸೇರಿ ಅರ್ಧ ನಿಮಿಷದವರೆಗೂ ಹಿಂದೆ. ತುಣುಕನ್ನು ಚಿಕ್ಕದು ಮಾಡಿದರೆ ತಡ ಕಡಿಮೆ, ಚಕ್ರ ಜಾಸ್ತಿ. ಯಾವುದು ಬೇಕು ಆರಿಸಿಕೊಳ್ಳಿ.

ಮಾವನವರು ಇದನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು. 'ಅಲ್ರೀ, ಒಂದೇ ಮ್ಯಾಚು, ಎಲ್ಲರಿಗೂ ಅದೇ ಚಿತ್ರ. ಒಂದು ಸಲ ಕಳಿಸಿ, ಕವಲು ಬಂದ ಕಡೆ ನಕಲು ತೆಗೆದರೆ ಸಾಲ್ದೇನು?' ಇದನ್ನು ಮಲ್ಟಿಕಾಸ್ಟ್ ಅಂತಾರೆ, ಸ್ಟೀವ್ ಡೀರಿಂಗ್ ಅನ್ನುವವರು 1980ರ ದಶಕದಲ್ಲೇ ಇದರ ನಿಯಮ ಬರೆದಿಟ್ಟರು ಅಂದೆ. 'ನೋಡಿದ್ರಾ, ನಾನೂ ಆತನೂ ಒಂದೇ ಥರ' ಅಂತ ಮೀಸೆ ತೀಡಿಕೊಂಡರು. ಒಂದೇ ಕಂಪನಿಯ ಜಾಲದೊಳಗೆ, ಅದರದೇ ಟೀವಿ ಸೇವೆಗೆ, ಈ ಉಪಾಯ ನಡೆಯುತ್ತದೆ. ಹತ್ತು ಕಂಪನಿಗಳ ಗಡಿ ದಾಟುವಾಗ ನಕಲು ತೆಗೆಯುವ ಖರ್ಚು ಯಾರದು ಅನ್ನುವಲ್ಲಿ ನಿಂತುಹೋಯಿತು. ನಾವು ನೋಡುವವರೂ ಸಾಮಾನ್ಯರಲ್ಲ: ಒಬ್ಬ ನಿಲ್ಲಿಸಿ ನೀರು ಕುಡಿಯಲು ಹೋಗುತ್ತಾನೆ, ಇನ್ನೊಬ್ಬ ಹಿಂದಕ್ಕೆ ಎಳೆದು ಅದೇ ಕ್ಯಾಚು ಮತ್ತೆ ನೋಡುತ್ತಾನೆ, ಜಾಹೀರಾತು ಒಬ್ಬೊಬ್ಬರಿಗೆ ಒಂದೊಂದು.

ದುಡ್ಡಿನ ಜಗಳ ಇಲ್ಲದೆ ಯಾವ ವ್ಯವಹಾರ ಇದೆ ಹೇಳಿ. ದಕ್ಷಿಣ ಕೊರಿಯಾದಲ್ಲಿ ಎಸ್‌ಕೆ ಬ್ರಾಡ್‌ಬ್ಯಾಂಡ್, ನೆಟ್‌ಫ್ಲಿಕ್ಸ್ ಕೊಡುತ್ತೇನೆಂದ ಪೆಟ್ಟಿಗೆಗೆ ಒಪ್ಪದೆ, ತಂತಿ ಬಳಸಿದ್ದಕ್ಕೆ ಶುಲ್ಕ ಕೊಡು ಅಂತ ಕೂತಿತು. ಕೊರಿಯಾದಲ್ಲೇ ತಯಾರಾದ ಸ್ಕ್ವಿಡ್ ಗೇಮ್ ಕೊರಿಯಾದವರ ಮನೆಗೆ ಟೋಕಿಯೊ, ಹಾಂಗ್‌ಕಾಂಗ್ ಕಡೆಯಿಂದ ಬರುವಂತಾಯಿತು. ಕೋರ್ಟು ಕಚೇರಿ ಅಲೆದು 2023ರ ಸೆಪ್ಟೆಂಬರಿನಲ್ಲಿ ರಾಜಿಯಾದರು. ದುಬಾರಿ ಶುಲ್ಕದ ಕಾರಣ ಕೊಟ್ಟು ಟ್ವಿಚ್ ಕಂಪನಿ 2024ರಲ್ಲಿ ಆ ದೇಶದ ಅಂಗಡಿಯನ್ನೇ ಮುಚ್ಚಿತು. ನಮ್ಮ ಮೊಬೈಲ್ ಕಂಪನಿಗಳ ಒಕ್ಕೂಟವೂ ದೊಡ್ಡ ವಿಡಿಯೊ ಕಂಪನಿಗಳಿಂದ ಪಾಲು ಬೇಕು ಅಂತ ರಾಗ ತೆಗೆದಿದೆ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿ ತಂತಿಯ ಖರ್ಚು ಕೊಡುತ್ತಿರುವವರು ನಾವು. ಅದೇ ಮದುವೆಯಲ್ಲಿ ಗಂಡಿನ ಕಡೆಯಿಂದಲೂ ದಕ್ಷಿಣೆ, ಹೆಣ್ಣಿನ ಕಡೆಯಿಂದಲೂ ದಕ್ಷಿಣೆ ಅಂದರೆ ಪುರೋಹಿತರಿಗೆ ಒಪ್ಪುತ್ತದೆ, ಇವರಿಗೆ ಒಪ್ಪುವುದಿಲ್ಲ.

ಪೆಟ್ಟಿಗೆಯೂ ಇದೆ, ವಿನಿಮಯ ಕೇಂದ್ರಕ್ಕೆ ತಂತಿಯೂ ಇದೆ, ಆದರೂ ಚಕ್ರ ಬಂತೆನ್ನಿ. ಆಗ ಬೀದಿ ನೋಡಬೇಕು. ಬೀದಿಗೆ ಬಂದ ಒಂದು ಫೈಬರ್ ಎಳೆಯನ್ನು 32 ಅಥವಾ 64 ಮನೆಗೆ ಹಂಚಿರುತ್ತಾರೆ. ಸಾಮಾನ್ಯವಾಗಿ ಎಲ್ಲರಿಗೂ ಸೇರಿ 2.5 ಗಿಗಾಬಿಟ್. 64 ಮನೆಯವರೂ ಹಟಕ್ಕೆ ಬಿದ್ದು ಎಳೆದರೆ ತಲೆಗೆ 39 ಎಂಬಿಪಿಎಸ್ ಬೀಳುತ್ತದೆ. ಸಿನಿಮಾಕ್ಕೆ ಅದೂ ಧಾರಾಳ. ಹಾಗಾಗಿ ಕೊನೆಗೆ ಮನೆಯೊಳಗೇ ನೋಡಬೇಕಾಗುತ್ತದೆ. ರೂಟರು ಎಲ್ಲಿದೆ? ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಗಾಡ್ರೇಜ್ ಬೀರುವಿನ ಮಗ್ಗುಲಲ್ಲಿ, ಧೂಳು ಕೂರಬಾರದೆಂದು ಅತ್ತೆಯವರು ಹೊದಿಸಿದ ಕ್ರೋಶಾ ಬಟ್ಟೆಯ ಕೆಳಗೆ. ಇಷ್ಟೆಲ್ಲ ಸಾಹಸ ಮಾಡಿ ಬೀದಿಯವರೆಗೆ ಬಂದ ಸಿನಿಮಾ ಕಬ್ಬಿಣದ ಬೀರು ದಾಟಲಾರದೆ ಒದ್ದಾಡುತ್ತಿರುತ್ತದೆ.

ಆದ್ದರಿಂದ ಓದುಗ ಮಹಾಶಯರಲ್ಲಿ ನನ್ನದೊಂದು ವಿನಂತಿ. ಇವತ್ತೇ ರೂಟರನ್ನು ಹಾಲಿಗೆ ತಂದು ಎತ್ತರದಲ್ಲಿಡಿ, ಸಾಧ್ಯವಾದರೆ ಟೀವಿಗೆ ನೇರ ತಂತಿ ಹಾಕಿಸಿ. ಮುಂದಿನ ಸಲ ಹುಡುಗ ಬಂದು '300ಕ್ಕೆ ಅಪ್‌ಗ್ರೇಡ್ ಮಾಡಿಸಿ ಸಾರ್' ಅಂದಾಗ ಅವನನ್ನು ಕೂರಿಸಿ, ಕಾಫಿ ಕೊಟ್ಟು, ಎರಡೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ನೆಟ್‌ಫ್ಲಿಕ್ಸ್, ಗೂಗಲ್ ಪೆಟ್ಟಿಗೆಗಳು ಇವೆಯೋ? ಇಲ್ಲದಿದ್ದರೆ ಯಾವ ವಿನಿಮಯ ಕೇಂದ್ರಕ್ಕೆ ತಂತಿ ಎಳೆದಿದ್ದೀರಿ? ಉತ್ತರ ಬರದಿದ್ದರೆ ಅವನ ಮ್ಯಾನೇಜರಿಗೆ ಫೋನು ಮಾಡಿ ಕೇಳಿ. ಅಲ್ಲಿಂದಲೂ 'ನಮ್ಮ ಕಡೆಯಿಂದ ಎಲ್ಲಾ ಕ್ಲಿಯರ್ ಇದೆ' ಅಂತಲೇ ಬಂದರೆ, ವರ್ಷದ ದುಡ್ಡು ಮುಂಗಡವಾಗಿ ಮಾತ್ರ ಕಟ್ಟಬೇಡಿ.